ತವುಡಿನ ಔಷಧಿ

ಮಗು ಬಾಯಿ ತೆರೆದು ಅಳುತ್ತಿತ್ತು, ಸದ್ದು ಮಾತ್ರ ಹೊರಡುತ್ತಿರಲಿಲ್ಲ. ತುಟಿ ನೀಲಿಗಟ್ಟಿತ್ತು. ಮನಿಲಾದ ತೊಂಡೊ ಕೇರಿಗೆ ಬರುತ್ತಿದ್ದ ಸರ್ಕಾರಿ ನರ್ಸ್ ಲುಮಿಂಗ್, ಕಂಬಗಳ ಮೇಲೆ ನಿಂತ ಗುಡಿಸಲಿನ ಬಿದಿರ ನೆಲದ ಮೇಲೆ ಮಂಡಿಯೂರಿ ಸೀಸೆಯಿಂದ ಕಂದು ದ್ರವವನ್ನು ಚಮಚಕ್ಕೆ ಬಗ್ಗಿಸಿದಳು. ಹಿಂದಿನ ವಾರ ಪಕ್ಕದ ಓಣಿಯಲ್ಲಿ ಇದೇ ಔಷಧಿ ಕುಡಿದ ಮಗು ತೀರಿಕೊಂಡಿತ್ತು. ಅವಳನ್ನು ಕರೆಸುವಷ್ಟರಲ್ಲೇ ತಡವಾಗಿತ್ತು. ಆದರೂ ಕೊಂದವಳು ನರ್ಸಮ್ಮನೇ ಎಂದು ಓಣಿಯವರು ಅವಳ ಮೇಲೆ ಕೆಸರೆರಚಿದ್ದರು.

"ಏನದು?" ಮಗುವಿನ ಅಜ್ಜಿ ಟಿನಾಯ್ ಕೇಳಿದಳು.

"ತವುಡಿನ ಸಾರ, ಅಜ್ಜಿ."

"ತವುಡಾ! ಕೆಳಗೆ ಹಂದಿಗೆ ಹಾಕ್ತೀವಲ್ಲ, ಅದಾ? ನನ್ನ ಮೊಮ್ಮಗ ನಿನ್ನ ಕಣ್ಣಿಗೆ ಹೆಂಗೆ ಕಾಣ್ತಾನೇ? ಈ ಸೊಸೆ ಹಾಲೇ ವಿಷ. ಮೊದಲಿನ ಎರಡು ಕೂಸೂ ಹಿಂಗೇ ಹೋದ್ವು."

ಮೂಲೆಯಲ್ಲಿದ್ದ ಸೊಸೆ ಸಬೆಲ್ ತಲೆ ತಗ್ಗಿಸಿದಳು.

"ಹಾಲಲ್ಲಿ ವಿಷ ಇಲ್ಲ ಅಜ್ಜಿ. ಇವಳು ತಿನ್ನೋ ಮಿಲ್ಲಿನ ಬಿಳೀ ಅಕ್ಕೀಲಿ ಸತ್ವ ಇಲ್ಲ, ಅದೆಲ್ಲ ತವುಡಲ್ಲೇ ಹೋಗುತ್ತೆ," ಎನ್ನುತ್ತ ಲುಮಿಂಗ್ ಚಮಚವನ್ನು ಮಗುವಿನ ಬಾಯಿಗಿಟ್ಟಳು. ಮಗು ನುಂಗಿತು. ಮರುಕ್ಷಣವೇ ಎಲ್ಲವನ್ನೂ ಕಕ್ಕಿ ಬಿಲ್ಲಿನಂತೆ ಸೆಟೆಯಿತು.

"ನೋಡಿದ್ಯಾ!" ಅಜ್ಜಿ ಸೀಸೆ ಕಿತ್ತುಕೊಂಡು ಕಿಟಕಿಯಾಚೆ ಎಸೆಯಲು ಕೈಯೆತ್ತಿದಳು.

ಆ ಕೈಯನ್ನು ಸಬೆಲ್ ಹಿಡಿದಳು. ಮದುವೆಯಾಗಿ ಬಂದಾಗಿನಿಂದ ಅತ್ತೆಗೆ ಒಂದು ಮಾತೂ ಎದುರಾಡದವಳು.

"ನಿಮ್ಮ ಮಾತು ಕೇಳಿ ಎರಡನ್ನ ಮಣ್ಣು ಮಾಡಿದೆ, ಅತ್ತೆ. ಇವನನ್ನೂ ಮಣ್ಣು ಮಾಡೋದಾದ್ರೆ, ನನ್ನ ಮಾತು ಕೇಳಿ ಮಾಡ್ತೀನಿ."

ಸೀಸೆ ಬಿಡಿಸಿಕೊಂಡು, ಬೆರಳು ಅದ್ದಿ ಮಗುವಿನ ನಾಲಿಗೆಗೆ ಸವರಿದಳು. ಮತ್ತೆ ಅದ್ದಿದಳು. ಮತ್ತೆ ಸವರಿದಳು. ಈ ಸಲ ಮಗು ಕಕ್ಕಲಿಲ್ಲ.

ಮರುದಿನ ತುಟಿಯ ನೀಲಿ ಇಳಿಯಿತು. ಆಮೇಲೆ ಮಗು ಮೊಲೆಗೂ ಬಾಯಿ ಹಾಕಿತು. ಸಬೆಲ್ ತವುಡು ತೆಗೆಯದ ಅಕ್ಕಿಯ ಗಂಜಿ ಉಣ್ಣತೊಡಗಿದಳು. ಆದರೆ ರೋಗದಲ್ಲಿ ಹೋದ ದನಿ ಮಾತ್ರ ಮಗುವಿಗೆ ಮರಳಲಿಲ್ಲ. "ಮೂಗನನ್ನ ಮಾಡಿಟ್ಟೆ," ಎಂದು ಅಜ್ಜಿ ನರ್ಸಮ್ಮನನ್ನು ಹಂಗಿಸುತ್ತಲೇ ಇದ್ದಳು. ಲುಮಿಂಗ್ ದಿನವೂ ಬಂದು, ಬೈಸಿಕೊಂಡು, ಔಷಧಿ ಕೊಟ್ಟು ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಏಣಿ ಹತ್ತುವಾಗ ಒಳಗಿನಿಂದ ಬೆಕ್ಕು ಕೂಗಿದಂತೆ ಒರಟು ಸದ್ದು ಕೇಳಿಸಿತು. ಒಂದೇ ಉಸಿರಿಗೆ ಒಳನುಗ್ಗಿದಳು. ಅಜ್ಜಿಯ ಮಡಿಲಲ್ಲಿ ಮಗು ಮುಖ ಕೆಂಪಗೆ ಮಾಡಿಕೊಂಡು ಅರಚುತ್ತಿತ್ತು. ಬಟ್ಟೆ ಒಗೆಯುತ್ತಿದ್ದ ಸಬೆಲ್ ಒದ್ದೆ ಕೈಯಲ್ಲೇ ಓಡಿಬಂದು, "ಹಸಿದಿದಾನೆ, ಕೊಡಿ ಅತ್ತೆ," ಎಂದು ಕೈಚಾಚಿದಳು.

ಅಜ್ಜಿ ಕೊಡಲಿಲ್ಲ. ಕಣ್ಣು ಮುಚ್ಚಿಕೊಂಡೇ ಅಂದಳು: "ತಡಿಯೇ... ಇನ್ನೊಂಚೂರು ಅಳ್ಲಿ."