ನಕ್ಷತ್ರವೋ ಕುಡುಗೋಲೋ

ಬೆಟ್ಟದಲ್ಲಿ ಹುಟ್ಟಿದವರ ಎಂಜಲಲ್ಲಿ ಸಾಯುವ ತನಕ ನಕ್ಷತ್ರದಾಕಾರದ ಪಾಚಿ, ಬಯಲಿನವರ ಎಂಜಲಲ್ಲಿ ಕುಡುಗೋಲಿನಾಕಾರದ್ದು. ಒಂದೇ ಒಂದು ಕುಡುಗೋಲು ಕಂಡರೂ ಸರಿ, ಬೆಟ್ಟದ ಮೇಲಿನ ಕಲ್ಲುದೊಣೆಯ ಕುಡಿಯುವ ನೀರು ಕೆಡುತ್ತದೆಂದು ಅಂಥವರನ್ನು ದಾರಿಯ ತಪಾಸಣೆ ಚೌಕಿಯಿಂದಲೇ ಕೆಳಗೆ ಅಟ್ಟುತ್ತಿದ್ದರು. ಬೆಟ್ಟದ ಮಗಳೆಂದೇ ಸಿದ್ದಮಣಿಗೆ ಆ ಚೌಕಿಯಲ್ಲಿ ಕೆಲಸ ಸಿಕ್ಕಿತ್ತು. ಸೇರಿದ ಎಂಟು ದಿನದಲ್ಲಿ ಅವಳು ಒಂದು ನರಪಿಳ್ಳೆಯನ್ನೂ ಮೇಲೆ ಬಿಟ್ಟಿರಲಿಲ್ಲ. ಲೋಕದ ತುಂಬ ಸುಳ್ಳರೇ ಎಂಬುದು ಅವಳಿಗೆ ಖಾತ್ರಿಯಾಗಿತ್ತು.

ಅಂದು ಬಂದವಳು ಮುದುಕಿ ಕೆಂಪಾಜಮ್ಮ. ಬಾಣಂತಿ ಮಗಳಿಗೆ ಖಾರದ ಸಾಮಾನು ತರಲು ಸಂತೆಗೆ ಇಳಿದಿದ್ದವಳು ವಾಪಸು ಹೊರಟಿದ್ದಳು.

ಸಿದ್ದಮಣಿ ಎಂದಿನಂತೆ ಬೆರಳನ್ನು ನಾಲಿಗೆಗೆ ತಾಗಿಸಿ ಗಾಜಿನ ಪಟ್ಟಿಯನ್ನು ಉಜ್ಜಿದಳು. ಅದರ ಮೇಲೆ ಮುದುಕಿಯ ಎಂಜಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಳು. ನಕ್ಷತ್ರಗಳ ನಡುವೆ ಎರಡು ಕುಡುಗೋಲು.

"ಬೆಟ್ಟದವ್ಳು ಅಂತೀಯಲ್ಲಜ್ಜಿ, ಯಾರ್ ಕಿವಿ ಮ್ಯಾಲೆ ಹೂ ಮಡಗ್ತೀಯೆ? ನಡಿ ಕೆಳಕ್ಕೆ!"

ಮುದುಕಿ ಕದಲಲಿಲ್ಲ. "ಗಾಜ್ನೇ ನೀ ಎಂಜ್ಲು ಮಾಡ್ದಲ್ಲ ಕನವ್ವ. ಬಟ್ಟೆಲಿ ಒರ್ಸಿ ಇನ್ನೊಂದ್ಸಲ ನೋಡು."

ಇವಳ ಕಳ್ಳಾಟ ಬಯಲಾಗಲೆಂದೇ ಸಿದ್ದಮಣಿ ಹೊಸ ಪಟ್ಟಿಯನ್ನು ಸೆರಗಿನಲ್ಲಿ ಒರೆಸಿ, ಮುದುಕಿಯ ಎಂಜಲಿಟ್ಟು ಮತ್ತೆ ನೋಡಿದಳು. ಬರೀ ನಕ್ಷತ್ರ. ಎಷ್ಟು ಹುಡುಕಿದರೂ ಕುಡುಗೋಲಿಲ್ಲ.

ಒಳಗಿನಿಂದ ಸಾಹೇಬರು ಕೂಗಿದರು: "ಏನ್ ಸಿದ್ದಮಣಿ, ಇವತ್ತೂ ಕುಡುಗೋಲಾ?"

"ಇಲ್ಲ ಸಾ, ಇವ್ರು ಬೆಟ್ಟದೋರೆಯ."

ಮುದುಕಿ ಅವಳ ಬಾಯನ್ನೇ ನೋಡುತ್ತಿದ್ದಳು. ಸಿದ್ದಮಣಿ ಗೇಟು ತೆಗೆದಳು. ತುಟಿ ಬಿಗಿಹಿಡಿದು, ಒಂದು ಹನಿಯೂ ಹೊರಗೆ ಬೀಳದಂತೆ, ಉಗುಳು ನುಂಗಿಕೊಂಡಳು.