ಕಾರಿಗೆ ಹೊಸ ಕೀಲಿ

ಗಂಡ ಕಾರಿನ ಬಾಗಿಲಿಗೆ ಕೀಲಿಕೈ ಸಿಕ್ಕಿಸಿ, ಬೇಕೆಂದೇ ತಿರುಚಿ ಮುರಿದಿದ್ದ. "ಈಗ ಹೆಂಗ ತವರಿಗೆ ಹೋಗ್ತಿ ನೋಡೂಣು" ಎಂದು ನಕ್ಕಿದ್ದ. ಮರುದಿನ ಅವನು ಕೆಲಸಕ್ಕೆ ಹೊರಟೊಡನೆ ಶೈಲಜಾ ಕೀಲಿ ರಿಪೇರಿ ಮಾಡುವ ಖಾದರಸಾಬನನ್ನು ಮನೆಗೆ ಕರೆಸಿದಳು.

ಮುರಿದ ತುಂಡನ್ನು ಹೊರತೆಗೆದು ಅವನು ಹೇಳಿದ: "ಇದನ್ನ ನೋಡಿ ಬ್ಯಾರೆ ಕೀಲಿಕೈ ಮಾಡಿಕೊಡ್ತೀನ್ರಿ ಅಕ್ಕಾರ. ಕೀಲಿ ಬದಲಿ ಮಾಡೂದು ಬ್ಯಾಡ."

"ಬದಲಿ ಮಾಡ್ರಿ. ನಮ್ಮನಿಯವರ ಹತ್ರ ಇನ್ನೊಂದು ಕೀಲಿಕೈ ಐತಿ. ಅದರಿಂದ ಗಾಡಿ ತಗೀಬಾರದು."

ಖಾದರಸಾಬ ಅವಳ ಊದಿದ ಕೆನ್ನೆಯನ್ನು ನೋಡಿದ. ಬಾಗಿಲಿಗೆ ಹೊಸ ಕೀಲಿ ಕೂಡಿಸಿದ. ಆಮೇಲೆ ಒಳಗೆ ಕೂತು ಸ್ಟೀರಿಂಗ್ ಬಳಿಯ ಕೀಲಿಯನ್ನೂ ಬಿಚ್ಚಿದ.

ಶೈಲಜಾ ನಿದ್ದೆಯಲ್ಲಿದ್ದ ಮಗುವನ್ನು ತಂದು ಹಿಂದಿನ ಸೀಟಿನಲ್ಲಿ ಮಲಗಿಸಿದಳು.

"ಸ್ವಲ್ಪ ಕೂಸಿನ್ನ ನೋಡಕೋರಿ, ಚೀಲಾ ತುಂಬಕೊಂಡು ಬರ್ತೀನಿ."

"ನನಗೂ ಮಗಳದಾಳ್ರಿ. ನೀವು ಸಾವಕಾಶ ಬರ್ರಿ."

ಅವಳು ಬಟ್ಟೆಯ ಚೀಲ ಹಿಡಿದು ಇಳಿದು ಬಂದಾಗ ಗೇಟಿನ ಮುಂದೆ ಕಾರು ಇರಲಿಲ್ಲ. ಖಾದರಸಾಬ ತನ್ನ ಸಾಮಾನನ್ನು ಪೆಟ್ಟಿಗೆಗೆ ತುಂಬುತ್ತಿದ್ದ.

"ಗಾಡಿ ಎಲ್ಲಿ? ಕೂಸು ಎಲ್ಲಿ?"

"ಗಾಬರಿ ಆಗಬ್ಯಾಡ್ರಿ ಅಕ್ಕಾರ. ನಿಮ್ಮನ್ನ ಕರಕೊಂಡು ಹೋಗಾಕ ನಿಮ್ಮ ಅಣ್ಣಾರು ಬಂದಾರ. ಗಾಡಿ ತಿರುಗಿಸಿಕೊಂಡು ಬರ್ತೀನಿ ಅಂತ ಹೊಸಾ ಕೀಲಿಕೈ ಇಸಕೊಂಡ್ರು. ಕೂಸು ಎದ್ದು ಅಳಾಕತ್ತಿತ್ತು, ಅವರ ಮಾರಿ ನೋಡಿದ್ದ ತಡ, ಸುಮ್ಮನಾತು."

ಶೈಲಜಾಳಿಗೆ ಅಣ್ಣಂದಿರೇ ಇರಲಿಲ್ಲ.