ಮೂರನೆಯ ಕಲ್ಲು

ಟೆಂಪೋದಿಂದ ಇಳಿದ ಮುದುಕ ತನ್ನ ಅಣ್ಣ ಹೌದೋ ಅಲ್ಲವೋ, ಮಾಳಸಿದ್ದನಿಗೆ ಗೊತ್ತಾಗಲಿಲ್ಲ.

ಹಲ್ಲುದುರಿದ ಬಾಯಿ, ಬಾಗಿದ ಬೆನ್ನು, ತಲೆಗೆ ಗಡಿಯಾಚೆಯ ಸೀಮೆಯ ಬಿಳಿ ಟೋಪಿ. ಅಣ್ಣ ಮಾಯಪ್ಪ ಊರು ಬಿಟ್ಟಾಗ ಮಾಳಸಿದ್ದ ಇನ್ನೂ ಕುರಿಮರಿ ಎತ್ತಿಕೊಂಡು ಓಡಾಡುವ ವಯಸ್ಸಿನವ. ಈ ಮುಖ ಈಗ ಯಾರದಾದರೂ ಆಗಬಹುದಿತ್ತು.

ಬಿಟ್ಟ ಎನ್ನುವುದಕ್ಕಿಂತ ಬಿಡಿಸಿದರು. ಒಂದು ಬೇಸಿಗೆಯಲ್ಲಿ ಹೊರಗೇರಿಯ ಬಾಣಂತಿಯೊಬ್ಬಳಿಗೆ ದೇವರ ಕೊಡದಿಂದ ನೀರು ಹಾಕಿದನೆಂದು ಪಂಚರು ಮಾಯಪ್ಪನ ಮನೆಗೆ ಬೆಂಕಿ, ನೀರು, ಮಾತು ಎಲ್ಲ ಬಂದ್ ಮಾಡಿದ್ದರು. ಹೆಂಡತಿ, ಹಸುಗೂಸು, ಕುರಿಹಿಂಡು ಕಟ್ಟಿಕೊಂಡು ಅವನು ಗಡಿ ದಾಟಿ ಹೋದ. ಮಾಯಪ್ಪ ಬಂದನೇನೋ ನೋಡು ಎನ್ನುತ್ತಲೇ ಅವ್ವ ಕಣ್ಣು ಮುಚ್ಚಿದಳು. ಈಗಿನ ಹುಡುಗರು ಹಟ ಹಿಡಿದು ಆ ಬಹಿಷ್ಕಾರ ತೆಗೆಸಿದ್ದರು. ಕುರಿಸಂತೆಯಿಂದ ಸಂತೆಗೆ ಸುದ್ದಿ ಹೋಯಿತು. ಹೋದವನ ವಂಶವೆಲ್ಲ ಹೊರಳಿ ಬಂತು: ಸೊಸೆಯಂದಿರು, ಮೊಮ್ಮಕ್ಕಳು, ಹಾಸಿಗೆ, ಪಾತ್ರೆ, ಬುಟ್ಟಿಯೊಳಗಿನ ಕೋಳಿ.

“ಬಂದವರೆಲ್ಲಾ ನಮ್ಮವರಾಗೂದಿಲ್ಲ,” ಎಂದ ಪಂಚರ ಹಿರಿಯ ಅಣ್ಣಾಸಾಬ. “ಕಲ್ಲ ಹೇಳಲಿ.”

ಮಂಗಸೂಳಿಯಾಚೆಯ ಆ ಊರಿನ ಹೊರಗೆ, ಕಬ್ಬಿನ ಹೊಲದ ಅಂಚಿಗೆ, ಅಮೋಘಸಿದ್ದನ ಗುಡಿಯ ಮುಂದೆ ಸಾಲಾಗಿ ಕಲ್ಲುಗಳಿವೆ. ಒಂದೊಂದು ಬೆಡಗಿಗೆ, ಅಂದರೆ ಒಂದೊಂದು ವಂಶಕ್ಕೆ, ಒಂದೊಂದು ಕಲ್ಲು. ಹೆಸರು ಕೆತ್ತಿಲ್ಲ. ಅಪ್ಪ ಮಗನ ಕೈ ಹಿಡಿದು ತೋರಿಸಿದ್ದೇ ಗುರುತು. ಒಂದೇ ಕಲ್ಲಿಗೆ ಅರಿಶಿನದ ಭಂಡಾರ ಹಚ್ಚುವವರು ಒಡಹುಟ್ಟಿದವರ ಲೆಕ್ಕ. ಅವರೊಳಗೆ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಬಂದ ಮುದುಕ ತನ್ನ ಕಲ್ಲಿಗೆ ಭಂಡಾರ ಹಚ್ಚಬೇಕು. ಹಚ್ಚಿದರೆ ಇರಲು ಮನೆ, ಮಣ್ಣಾಗಲು ಅವ್ವನ ಪಕ್ಕದಲ್ಲಿ ಜಾಗ. ತಪ್ಪಿದರೆ ಬಂದ ದಾರಿ.

ಮಾಳಸಿದ್ದನ ಹತ್ತಿರ ಇನ್ನೊಂದು ಗುರುತಿತ್ತು. ಅವರ ಮನೆತನದ್ದು ಮೂರನೆಯ ಕಲ್ಲು. ಅದರ ಬೆನ್ನಿಗೆ ಯಾರಿಗೂ ಕಾಣದ ಒಂದು ಸೀಳು. ಚಿಕ್ಕಂದಿನಲ್ಲಿ ಅಣ್ಣ ಅಲ್ಲಿ ಕೊಡಲಿ ಮಸೆಯಲು ಹೋಗಿ ಚಕ್ಕೆ ಎಬ್ಬಿಸಿದ್ದ. ಹೆದರಿ ಇಬ್ಬರೂ ಭಂಡಾರ ತುರುಕಿ ಮುಚ್ಚಿದ್ದರು. ಆಮೇಲೆ ನಮಸ್ಕಾರಕ್ಕೆ ಬಂದಾಗಲೆಲ್ಲ ಅಣ್ಣನ ಹೆಬ್ಬೆರಳು ಕಳ್ಳನ ಹಾಗೆ ಹಿಂದಕ್ಕೆ ಸರಿದು ಆ ಸೀಳು ತುಂಬುತ್ತಿತ್ತು. ಅವನು ಹೋದ ಮೇಲೆ ಮಾಳಸಿದ್ದ ಅದನ್ನು ಮುಟ್ಟಿರಲಿಲ್ಲ. ಬಂದವನು ಅಣ್ಣನೇ ಆಗಿದ್ದರೆ ಆ ಹೆಬ್ಬೆರಳು ಸುಮ್ಮನಿರದು.

ಮುದುಕ ಖುಷಿಯಲ್ಲಿದ್ದ. ಬಾವಿ ಇಲ್ಲಿ, ಹುಣಸೆ ಅಲ್ಲಿ ಎಂದು ಹೇಳುತ್ತ, ಸತ್ತ ಮಗನ ಮಗಳು ಸ್ನೇಹಲಳ ಹೆಗಲು ಹಿಡಿದು ನಡೆದ. ಅವಳು ತುಂಬು ಬಸುರಿ. ಗಂಡ ವಿಕ್ರಾಂತ ಏಕಸಂಬಿ ಕಡೆಯವ, ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಗಡಿ ಸೀಮೆಯಲ್ಲಿ ಯಾರೂ ಬೆಡಗು ಕೇಳುವುದಿಲ್ಲ, ಅಡ್ಡಹೆಸರು ಬೇರೆಬೇರೆ ಇದ್ದವು, ಲಗ್ನ ಮಾಡಿಬಿಟ್ಟೆವು ಎಂದು ಮುದುಕ ನಕ್ಕ. ಬಾವಿ, ಹುಣಸೆ ರಸ್ತೆಯಿಂದಲೇ ಕಾಣುತ್ತವಲ್ಲ ಎಂದು ಅಣ್ಣಾಸಾಬ ಗೊಣಗಿದ.

ಪಂಚರು ಇನ್ನೂ ಕಂಬಳಿ ಹಾಸಿ ಕೂಡುತ್ತಿದ್ದರು. ವಿಕ್ರಾಂತನೂ ಇದೇ ದೇವರ ಒಕ್ಕಲು. ಚಪ್ಪಲಿ ಕಳಚಿ, ಚಿಕ್ಕಂದಿನಲ್ಲಿ ಜಾತ್ರೆಗೆ ಕರೆತಂದು ಅಪ್ಪ ತೋರಿಸಿದ್ದ ಕಲ್ಲಿಗೆ ಭಂಡಾರ ಹಚ್ಚಿ ಹಣೆ ಮುಟ್ಟಿಸಿದ. ಮಾಳಸಿದ್ದ ಅತ್ತ ನೋಡಲಿಲ್ಲ. ಅವನ ಕಣ್ಣೆಲ್ಲ ಮುದುಕನ ಹೆಬ್ಬೆರಳ ಮೇಲೆ.

“ಖರೇನ ಇದ ನಿಮ್ಮ ಕಲ್ಲೇನಪಾ?” ಎಂದು ಮುದುಕ ಹುಡುಗನನ್ನು ಕೇಳಿದ.

“ಹೌದ್ರಿ ಅಜ್ಜಾ. ನಮ್ಮಪ್ಪ ಇದಕ್ಕ ಹಚ್ಚತಿದ್ದ.”

ಮುದುಕ ನೀರು ಕೇಳಿದ. ತಂದುಕೊಟ್ಟರೆ ಕುಡಿಯಲಿಲ್ಲ, ತಂಬಿಗೆ ಹಿಡಿದುಕೊಂಡೇ ಕೂತ.

“ನೋಡ್ರೆಪಾ, ಕಲ್ಲ ಯಾವುದಂತ ಹುಡುಗರನ್ನ ಕೇಳಾಕತ್ತಾನ,” ಎಂದ ಅಣ್ಣಾಸಾಬ.

ಕರೆದಾಗ ಮುದುಕ ಎದ್ದ. ಮೂರನೆಯ ಕಲ್ಲಿನ ಮುಂದೆ ತುಸು ನಿಂತ. ಮಾಳಸಿದ್ದ ಅವನ ಕೈಯನ್ನೇ ನೋಡಿದ. ಮುದುಕ ಅದನ್ನು ದಾಟಿ ಹೋಗಿ, ಕೊನೆಯ ಕಲ್ಲಿಗೆ ಭಂಡಾರ ಹಚ್ಚಿದ.

ಅದು ಅಣ್ಣಾಸಾಬನ ವಂಶದ ಕಲ್ಲು.

“ಹಂಗಾದ್ರ ನೀ ನನ್ನ ತಮ್ಮ ಆದೆಲ್ಲೋ,” ಎಂದ ಅಣ್ಣಾಸಾಬ. ಪಂಚರು ನಕ್ಕರು.

ಸ್ನೇಹಲಳ ಮುಖ ಸಣ್ಣದಾಯಿತು. “ಅಜ್ಜಾ, ನೀ ದಿನಾ ಹೇಳ್ತಿದ್ದ ಊರ ಇದ ಅಲ್ಲೇನು?”

“ಇದಲ್ಲ ಯವ್ವಾ. ನೆಪ್ಪ ತಪ್ಪೇತಿ. ನಡಿ, ನಿನ್ನ ಗಂಡ ಹಸದಾನ.”

ದೇವರಿಗೊಂದು ಸುತ್ತು ಬರುತ್ತೇನೆ ಎಂದು ಅವನು ಕಲ್ಲುಗಳ ಹಿಂದಿನಿಂದ ನಡೆದ. ಮುಪ್ಪಿನ ಕಾಲು, ಒಂದೊಂದು ಕಲ್ಲಿಗೂ ಕೈಯೂರಿ ನಿಂತು ಹೋದ. ಮಾಳಸಿದ್ದ ಅಷ್ಟರಲ್ಲಿ ಮುಖ ತಿರುಗಿಸಿದ್ದ. ಇಷ್ಟು ವರ್ಷ ಕಾದ ಮೇಲೆ ಇಂಥವನೊಬ್ಬ ಬಂದನಲ್ಲ.

“ನಮ್ಮ ಅಣ್ಣನ ಹೆಸರ ಹೇಳ್ಕೊಂಡ ಇನ್ನೊಮ್ಮೆ ಬರಬ್ಯಾಡ್ರಿ,” ಎಂದ.

ಮುದುಕ ಟೋಪಿ ತೆಗೆದು ಕೈ ಮುಗಿದ. “ಇಲ್ಲರಿ. ನೀವೂ ಅಂವನ ದಾರಿ ನೋಡೂದ ಬಿಡ್ರಿ. ಅಂವ ಇನ್ನ ಬರೂದಿಲ್ಲ.”

ಇಳಿಸಿದ್ದ ಹಾಸಿಗೆ, ಪಾತ್ರೆ, ಕೋಳಿಬುಟ್ಟಿ ಎಲ್ಲ ಮತ್ತೆ ಟೆಂಪೋ ಏರಿದವು. ಪಂಚರು ಕಂಬಳಿ ಕೊಡವಿ ಮನೆಗೆ ಹೋದರು.

ಧೂಳು ಇಳಿದ ಮೇಲೆ ಮಾಳಸಿದ್ದ ಕೊಡ ತಂದು ಕೊನೆಯ ಕಲ್ಲಿನ ಸುಳ್ಳು ಭಂಡಾರ ತೊಳೆದ. ಬೆಳಿಗ್ಗೆ ತಾನೇ ತೊಳೆದಿಟ್ಟ ಸಾಲಿನಲ್ಲಿ ಇನ್ನು ಹಳದಿಯಾಗಿದ್ದುದು ಒಂದೇ ಕಲ್ಲು, ಆ ಹುಡುಗ ವಿಕ್ರಾಂತ ಹಚ್ಚಿದ್ದು.

ಮೂರನೆಯದು.

ಮಾಳಸಿದ್ದ ಕೊಡ ಕೆಳಗಿಟ್ಟ. ಆ ಹುಡುಗನ ಬಸುರಿ ಹೆಂಡತಿಯ ಮುಖ ಕಣ್ಣ ಮುಂದೆ ಬಂತು. ಆಮೇಲೆ ಮೆಲ್ಲಗೆ ಕೈಯನ್ನು ಕಲ್ಲಿನ ಹಿಂದಕ್ಕೆ ಹಾಕಿದ.

ಸೀಳಿನ ತುಂಬ ಹೊಸ ಭಂಡಾರವಿತ್ತು. ಯಾರಾದರೂ ನೋಡುವ ಮೊದಲೇ ಅವನು ಅದನ್ನು ಹೆಗಲ ಟವೆಲಿನಿಂದ ಒರೆಸಿಬಿಟ್ಟ.